ಸೂಟಿ ಉಂಟು, ಹಬ್ಬವಿಲ್ಲ

ರಜೆ ಬೇಡವೆನ್ನುವವರು ಯಾರೂ ಇಲ್ಲ. ಹೊಸ ವರ್ಷದ ಕ್ಯಾಲೆಂಡರು ಕೈಗೆ ಬಂದೊಡನೆ ಯಾವ ಹಬ್ಬ ಯಾವ ವಾರ ಬಂದಿದೆ, ಗುರುವಾರದ ರಜೆಗೆ ಶುಕ್ರವಾರವನ್ನು ಅಂಟಿಸಿದರೆ ಒಟ್ಟು ನಾಲ್ಕು ದಿನ ಹೇಗೆ ಗಿಟ್ಟುತ್ತದೆ ಎಂದು ಲೆಕ್ಕ ಹಾಕುವುದರಲ್ಲಿ ಜರ್ಮನರಷ್ಟೇ ನಾವೂ ನಿಪುಣರಾಗಿದ್ದೇವೆ. ಹೀಗೆ ನಡುವೆ ಸೇರಿಸುವ ದಿನಕ್ಕೆ ಅವರು 'ಬ್ರ್ಯುಕೆನ್‌ಟಾಗ್', ಅಂದರೆ ಸೇತುವೆಯ ದಿನ ಎಂದು ಚಂದದ ಹೆಸರಿಟ್ಟಿದ್ದಾರೆ. ಆದರೆ ಸೇತುವೆ ದಾಟಿ ಆಚೆ ದಡ ಸೇರಿದ ಮೇಲೆ ಅಲ್ಲಿ ನಮಗೆ ಏನು ಸಿಕ್ಕಿತು ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ನಮ್ಮ ಸಂಘದ ಕೂಟಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ಒಬ್ಬರನ್ನೊಬ್ಬರು "ರಜೆ ಹೇಗಾಯಿತು?" ಎಂದು ಕೇಳುತ್ತೇವೆ. "ಬಹಳ ಚೆನ್ನಾಗಾಯಿತು" ಎನ್ನುವುದು ಸಭೆಗೆ ತಕ್ಕ ಉತ್ತರ. ಅದೇ ಮನುಷ್ಯ ತಟ್ಟೆ ತೊಳೆಯುವ ಹೊತ್ತಿಗೆ ಪಕ್ಕದಲ್ಲಿ ಸಿಕ್ಕಿದರೆ ಬೇರೆಯೇ ಮಾತು ಬರುತ್ತದೆ: "ಮೂರನೆಯ ದಿನದಿಂದ ಮನಸ್ಸು ಬಿಕೋ ಎನ್ನುತ್ತಿತ್ತು. ಯಾವಾಗ ಕೆಲಸಕ್ಕೆ ಹೋಗುತ್ತೇನೋ ಎನ್ನಿಸಿತು." ಇಂಥ ಮಾತನ್ನು ನಾನು ಅನೇಕರಿಂದ ಕೇಳಿದ್ದೇನೆ, ನಾನೂ ಆಡಿದ್ದೇನೆ. ಸಂಬಳ ಕೊಟ್ಟು ಮನೆಯಲ್ಲಿ ಕೂಡಿಸಿದರೂ ಸುಖವಿಲ್ಲವೆನ್ನಲು ಸಂಕೋಚವಾಗುವುದರಿಂದ ಇದು ತಟ್ಟೆ ತೊಳೆಯುವ ತೊಟ್ಟಿಯ ಬಳಿಯಲ್ಲೇ ಉಳಿದುಬಿಡುತ್ತದೆ. ಇದನ್ನು ಒಮ್ಮೆ ನಮ್ಮ ತ್ರೈಮಾಸಿಕದ ಪುಟಕ್ಕೆ ತಂದು ನೋಡೋಣವೆಂದು ಈ ಲೇಖನ.

ವರ್ಷಗಳ ನಡುವಣ ವಾರ

ರಜೆಗೆ ಇಲ್ಲಿ ಕೊರತೆಯಿಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. 1963ರ ರಜಾ ಕಾನೂನು ಈಗಿರುವ ರೂಪದಲ್ಲಿ ಪ್ರತಿಯೊಬ್ಬ ನೌಕರನಿಗೂ ವರ್ಷಕ್ಕೆ ಕನಿಷ್ಠ 24 ದಿನ ಸಂಬಳಸಹಿತ ರಜೆ ಕೊಡಬೇಕೆಂದು ವಿಧಿಸುತ್ತದೆ. ಶನಿವಾರವನ್ನೂ ಕೆಲಸದ ದಿನವೆಂದು ಹಿಡಿದ ಲೆಕ್ಕ ಅದು. ಅಂದರೆ ನಾಲ್ಕು ವಾರ. ರಸಾಯನ ಉದ್ಯಮದಲ್ಲಿ ಕಾರ್ಮಿಕ ಸಂಘದ ಒಪ್ಪಂದದಂತೆ 30 ದಿನ, ಅಂದರೆ ಆರು ವಾರ. ಇದರ ಮೇಲೆ ದೇಶಕ್ಕೆಲ್ಲ ಸಮಾನವಾದ ಒಂಬತ್ತು ಸಾರ್ವಜನಿಕ ರಜೆಗಳು, ಆಯಾ ರಾಜ್ಯದವು ಬೇರೆ. ಊರಿನಲ್ಲಿ ಇದನ್ನು ಹೇಳಿದರೆ "ಮತ್ತೆ ಕೆಲಸ ಮಾಡುವುದು ಯಾವಾಗ?" ಎಂದು ನಗುತ್ತಾರೆ.

ಈ ರಜೆಗಳಲ್ಲೆಲ್ಲ ನಮ್ಮನ್ನು ಹೆಚ್ಚು ಕಾಡುವುದು ಡಿಸೆಂಬರಿನ ಕೊನೆಯ ವಾರ. ಕ್ರಿಸ್‌ಮಸ್ಸಿಗೂ ಹೊಸ ವರ್ಷಕ್ಕೂ ನಡುವಣ ಈ ದಿನಗಳನ್ನು ಜರ್ಮನರು 'ವರ್ಷಗಳ ನಡುವೆ' ಎಂದೇ ಕರೆಯುತ್ತಾರೆ. ಹಳೆಯ ವರ್ಷಕ್ಕೂ ಸೇರದ, ಹೊಸದಕ್ಕೂ ಸೇರದ ದಿನಗಳು. ಅನೇಕ ಕಚೇರಿಗಳೂ ಪ್ರಯೋಗಾಲಯಗಳೂ ಆಗ ಮುಚ್ಚಿರುತ್ತವೆ. ಬೇಕೆಂದರೂ ಕೆಲಸಕ್ಕೆ ಹೋಗುವಂತಿಲ್ಲ.

ರಸಾಯನ ಪ್ರಯೋಗಾಲಯವನ್ನು ಹೀಗೆ ಮುಚ್ಚುವುದೆಂದರೆ ಒಂದು ದೊಡ್ಡ ಸಂಸಾರ ಊರಿಗೆ ಹೊರಟಂತೆಯೇ. ಯಾವ ಕ್ರಿಯೆಯನ್ನೂ ನಡೆಯುತ್ತಿರುವಂತೆ ಬಿಟ್ಟುಹೋಗುವ ಹಾಗಿಲ್ಲ. ಅನಿಲದ ಸಿಲಿಂಡರುಗಳನ್ನು ಮುಚ್ಚಬೇಕು, ತಂಪು ನೀರಿನ ನಳಗಳನ್ನು ನಿಲ್ಲಿಸಬೇಕು, ಬಳಸಿದ ದ್ರಾವಕಗಳ ಡಬ್ಬಗಳನ್ನು ಒಪ್ಪಿಸಬೇಕು, ಹೊಗೆ ಗೂಡಿನ ಗಾಜನ್ನು ಕೆಳಗೆಳೆಯಬೇಕು. ಟಿಪ್ಪಣಿ ಪುಸ್ತಕದ ಕೊನೆಯ ಸಾಲಿಗೆ ದಿನಾಂಕ ಹಾಕಿ ಸಹಿ ಮಾಡಿದಾಗ, ಒಂದು ವರ್ಷ ತಲೆಯೊಳಗೆ ಗಿರಿಗಿರಿ ತಿರುಗುತ್ತಿದ್ದುದೆಲ್ಲ ಒಂದೇ ಗಳಿಗೆಯಲ್ಲಿ ನಿಂತುಬಿಡುತ್ತದೆ. ಬೆಂಜೀನಿನ ಉಂಗುರಾಕೃತಿ ತನಗೆ ಬೆಂಕಿಗೂಡಿನ ಮುಂದೆ ತೂಕಡಿಸುವಾಗ, ಬಾಲ ಕಚ್ಚಿದ ಹಾವಿನ ರೂಪದಲ್ಲಿ ಕಂಡಿತೆಂದು ಕೆಕುಲೆ 1890ರಲ್ಲಿ ಬರ್ಲಿನ್ನಿನ ಸಭೆಯೊಂದರಲ್ಲಿ ಹೇಳಿದ ಕಥೆ ಪ್ರತಿಯೊಬ್ಬ ರಸಾಯನ ವಿದ್ಯಾರ್ಥಿಗೂ ಗೊತ್ತು. ಬಿಡುವಿನಲ್ಲಿ ಮಹತ್ವದ ವಿಚಾರ ಹೊಳೆಯುತ್ತದೆಂಬುದಕ್ಕೆ ನಮ್ಮವರು ಇದನ್ನೇ ಸಾಕ್ಷಿಯಾಗಿ ಕೊಡುತ್ತಾರೆ. ನನ್ನ ರಜೆಗಳಲ್ಲಿ ತೂಕಡಿಕೆ ಬಂದಿದೆ, ಹಾವು ಇನ್ನೂ ಬಂದಿಲ್ಲ.

ಡಿಸೆಂಬರ್ 24ರ ಮಧ್ಯಾಹ್ನ ಅಂಗಡಿಗಳು ಮುಚ್ಚುತ್ತವೆ. ನಾಲ್ಕೂವರೆಗೆಲ್ಲ ಕತ್ತಲು. ಬೀದಿಯಲ್ಲಿ ಜನವಿಲ್ಲ, ಟ್ರಾಮು ಅಪರೂಪ, ಎಲ್ಲ ಕಿಟಕಿಗಳಲ್ಲೂ ಬೆಳಕು. ಆ ಸಂಜೆ ಜರ್ಮನರು ತಮ್ಮ ತಮ್ಮ ಕುಟುಂಬದೊಳಗೆ ಸೇರಿಕೊಂಡುಬಿಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ; ದೀಪಾವಳಿಯ ಎಣ್ಣೆಸ್ನಾನಕ್ಕೆ ನಾವೂ ಆಫೀಸಿನವರನ್ನು ಕರೆಯುವುದಿಲ್ಲವಷ್ಟೆ. ಆದರೆ ಹೊರಗೆ ಒಬ್ಬನೇ ನಡೆದು ಹೋಗುವವನಿಗೆ, ಊರಿಗೆ ಊರೇ ಪಂಕ್ತಿಯಲ್ಲಿ ಕುಳಿತಿದೆ, ತನಗೆ ಮಾತ್ರ ಎಲೆ ಹಾಕಿಲ್ಲ ಎನ್ನಿಸುತ್ತದೆ.

ಮಿಶ್ರಣವನ್ನು ಬೇರ್ಪಡಿಸಿ ನೋಡಿದರೆ

ಒಂದು ಪದಾರ್ಥಕ್ಕೆ ಹೆಸರಿಡುವ ಮೊದಲು ಅದು ಒಂದೇ ಪದಾರ್ಥವೋ ಮಿಶ್ರಣವೋ ಎಂದು ನೋಡಬೇಕೆಂಬುದು ನಮ್ಮ ವೃತ್ತಿಯ ಮೊದಲ ಪಾಠ. ರಜೆಯ ಈ ಬೇಸರವೂ ಒಂದು ಮಿಶ್ರಣವೇ. ನನಗೆ ಕಂಡಂತೆ ಇದರಲ್ಲಿ ಮೂರು ಅಂಶಗಳಿವೆ.

ಮೊದಲನೆಯದು ಬರೀ ದಣಿವು ಮತ್ತು ಅಭ್ಯಾಸ. ಬುಡಾಪೆಸ್ಟಿನ ಮನೋವೈದ್ಯ ಶಾಂಡೋರ್ ಫೆರೆಂಜಿ 1919ರಷ್ಟು ಹಿಂದೆಯೇ ಇದರ ಬಗ್ಗೆ ಒಂದು ಚಿಕ್ಕ ಲೇಖನ ಬರೆದು 'ಭಾನುವಾರದ ನರರೋಗ' ಎಂದು ಹೆಸರಿಟ್ಟ. ಆರು ದಿನ ಗಟ್ಟಿಮುಟ್ಟಾಗಿದ್ದು, ಭಾನುವಾರ ಬಂತೆಂದರೆ ತಲೆನೋವೋ ಹೊಟ್ಟೆಯ ಕೋಟಲೆಯೋ ಕಾಣಿಸಿಕೊಳ್ಳುವ ರೋಗಿಗಳನ್ನು ಅವನು ಗಮನಿಸಿದ್ದ. ಇದು ತಾನಾಗಿಯೇ ಇಳಿಯುವಂಥದು. ಸ್ಟೈರೀನ್ ಎಂಬ ದ್ರವವನ್ನು ಸಂಗ್ರಹಿಸುವಾಗ ಅದು ಗಟ್ಟಿಯಾಗದಿರಲೆಂದು ತಡೆಯುವ ಪದಾರ್ಥವೊಂದನ್ನು ಸ್ವಲ್ಪ ಬೆರೆಸಿರುತ್ತಾರೆ. ಅದನ್ನು ಕಾಯಿಸಿದರೆ ಬಹಳ ಹೊತ್ತು ಏನೂ ನಡೆಯುತ್ತಿಲ್ಲವೆಂದೇ ಕಾಣುತ್ತದೆ. ಒಳಗೊಳಗೇ ಆ ತಡೆಯ ಪದಾರ್ಥ ಖರ್ಚಾಗುತ್ತಿರುತ್ತದೆ; ಅದು ಮುಗಿದೊಡನೆ ಕ್ರಿಯೆ ಭರದಿಂದ ಸಾಗುತ್ತದೆ. ರಜೆಯ ಮೊದಲ ಎರಡು ಮೂರು ದಿನಗಳೂ ಹಾಗೆಯೇ. ಆಗಿನ ಜಡತ್ವವನ್ನು ನೋಡಿ ಗಾಬರಿಯಾಗಬೇಕಿಲ್ಲ. ಚೆನ್ನಾಗಿ ನಿದ್ದೆ ಮಾಡಿದರೆ ಆಯಿತು.

ಎರಡನೆಯದು ಚೌಕಟ್ಟಿನ ಅಭಾವ. ವಿಯೆನ್ನಾದ ಹತ್ತಿರ ಮಾರಿಯೆಂಟಾಲ್ ಎಂಬ ಹಳ್ಳಿ, 478 ಕುಟುಂಬಗಳು, ಊರಿನ ಜೀವನವೆಲ್ಲ ಒಂದು ಬಟ್ಟೆ ಗಿರಣಿಯ ಮೇಲೆ. ಮಹಾ ಮುಗ್ಗಟ್ಟಿನ ಕಾಲದಲ್ಲಿ ಗಿರಣಿ ಮುಚ್ಚಿತು. ಮಾರೀ ಯಹೋಡಾ, ಪಾಲ್ ಲಾಜಾರ್ಸ್‌ಫೆಲ್ಡ್, ಹಾನ್ಸ್ ತ್ಸೈಜೆಲ್ ಎಂಬ ತರುಣ ಸಂಶೋಧಕರು ಸಂಗಡಿಗರೊಡನೆ ಆ ಊರನ್ನು ಹತ್ತಿರದಿಂದ ಅಭ್ಯಸಿಸಿ 1933ರಲ್ಲಿ ಪ್ರಕಟಿಸಿದ ಪುಸ್ತಕ ಇಂದಿಗೂ ಪ್ರಸಿದ್ಧ. ಕೆಲಸ ಹೋದವರಿಗೆ ಹೊತ್ತು ಬೇಕಾದಷ್ಟಿತ್ತು. ಕಾರ್ಮಿಕರ ವಾಚನಾಲಯದಲ್ಲಿ ಪುಸ್ತಕಕ್ಕೆ ತೆಗೆದುಕೊಳ್ಳುತ್ತಿದ್ದ ಶುಲ್ಕವನ್ನೂ ರದ್ದು ಮಾಡಿದ್ದರು. ಜನ ಹೆಚ್ಚು ಓದಿರಬೇಕೆಂದು ನಾವು ಊಹಿಸುತ್ತೇವೆ. ಆದದ್ದು ತದ್ವಿರುದ್ಧ: 1929ರಿಂದ 1931ಕ್ಕೆ ಎರವಲು ಹೋದ ಪುಸ್ತಕಗಳ ಸಂಖ್ಯೆ ಹತ್ತಿರ ಹತ್ತಿರ ಅರ್ಧಕ್ಕಿಳಿಯಿತು. ಸಂಶೋಧಕರು ಗಡಿಯಾರ ಹಿಡಿದು ಕಿಟಕಿಯಿಂದ ಬೀದಿಯನ್ನೂ ನೋಡಿದರು. ಗಂಡಸರು ನಿಧಾನವಾಗಿ ನಡೆಯುತ್ತಿದ್ದರು, ನಡುನಡುವೆ ನಿಂತುಬಿಡುತ್ತಿದ್ದರು. ಹೆಂಗಸರು ಮಾತ್ರ ಬಿರುಸಾಗಿ ಹೋಗುತ್ತಿದ್ದರು. ಒಲೆ, ಮಕ್ಕಳು, ಬಟ್ಟೆ ಒಗೆತ ಇವು ಅವರನ್ನು ಬಿಟ್ಟಿರಲಿಲ್ಲ.

ನಿರುದ್ಯೋಗದ ಆ ಸಂಕಟವನ್ನು ಸಂಬಳಸಹಿತ ರಜೆಯ ಬೇಸರದೊಡನೆ ತೂಗುವುದು ಸರಿಯಲ್ಲ. ಹಸಿವು ಬೇರೆ, ಅರುಚಿ ಬೇರೆ. ಆದರೆ ಅಲ್ಲಿಂದ ಕಲಿಯಬೇಕಾದದ್ದೊಂದಿದೆ. ಉದ್ಯೋಗ ನಮಗೆ ಹಣದ ಜೊತೆಗೆ ಇನ್ನೂ ಐದನ್ನು ಕೊಡುತ್ತದೆ ಎಂದು ಯಹೋಡಾ ಮುಂದೆ ವಿವರಿಸಿದಳು: ದಿನಕ್ಕೊಂದು ಕ್ರಮ, ಮನೆಯಾಚೆಯ ಜನರ ಒಡನಾಟ, ಹಲವರೊಡನೆ ಸೇರಿ ಸಾಧಿಸುವ ಗುರಿ, ಸಮಾಜದಲ್ಲೊಂದು ಸ್ಥಾನ, ಕೈಗೆ ಬಿಡದ ಕೆಲಸ. ಈ ಪಟ್ಟಿಯನ್ನು ನಾವು ಪರದೇಶದ ಕನ್ನಡಿಗರು ಓದಿಕೊಳ್ಳುವ ಬಗೆಯೇ ಬೇರೆ. ಇಲ್ಲಿಯೇ ಹುಟ್ಟಿದವನಿಗೆ ಈ ಐದೂ ಹತ್ತು ಕಡೆಯಿಂದ ಒದಗುತ್ತವೆ. ಫುಟ್‌ಬಾಲ್ ಕ್ಲಬ್ಬು ಇದೆ, ಹಾಡಿನ ಮೇಳವಿದೆ, ಅಜ್ಜಿಯ ಮನೆಯಿದೆ, ಶಾಲೆಯ ಗೆಳೆಯರಿದ್ದಾರೆ. ನಮ್ಮಲ್ಲಿ ಬಹುಮಂದಿಗೆ ಐದಕ್ಕೆ ಐದೂ ಒಂದೇ ಬಾಗಿಲಿನಿಂದ, ಆಫೀಸಿನ ಬಾಗಿಲಿನಿಂದ, ಬರುತ್ತವೆ. ಆ ಬಾಗಿಲು ಹತ್ತು ದಿನ ಮುಚ್ಚಿತೆಂದರೆ ಮನೆಯೊಳಗೆ ಕತ್ತಲಾಗುವುದರಲ್ಲಿ ಆಶ್ಚರ್ಯವಿಲ್ಲ.

ಮೂರನೆಯ ಅಂಶವೇ ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವುದು. ಅದಕ್ಕೆ ಸ್ವಲ್ಪ ವಿವರಣೆ ಬೇಕು.

ಬಣ್ಣ ಬಣ್ಣದ ರಜೆಗಳು

1929ರಲ್ಲಿ ಸೋವಿಯೆತ್ ಒಕ್ಕೂಟದಲ್ಲಿ ಒಂದು ವಿಚಿತ್ರ ಪ್ರಯೋಗ ನಡೆಯಿತು. ಕಾರ್ಖಾನೆಯ ಯಂತ್ರಗಳು ವರ್ಷವಿಡೀ ಒಂದು ದಿನವೂ ನಿಲ್ಲಬಾರದು ಎಂಬ ಉದ್ದೇಶದಿಂದ ಏಳು ದಿನದ ವಾರವನ್ನೇ ಕಿತ್ತುಹಾಕಿ ಐದು ದಿನದ ವಾರವನ್ನು ತಂದರು. ಕೆಲಸಗಾರರನ್ನು ಐದು ಗುಂಪು ಮಾಡಿ ಪ್ರತಿಯೊಂದು ಗುಂಪಿಗೂ ಒಂದೊಂದು ಬಣ್ಣ ಕೊಟ್ಟರು: ಹಳದಿ, ಗುಲಾಬಿ, ಕೆಂಪು, ನೇರಳೆ, ಹಸಿರು. ಒಂದೊಂದು ಬಣ್ಣದವರಿಗೆ ಒಂದೊಂದು ದಿನ ರಜೆ. ಹೀಗಾಗಿ ಯಾವ ದಿನ ನೋಡಿದರೂ ಐವರಲ್ಲಿ ನಾಲ್ವರು ಕೆಲಸದ ಮೇಲೆ, ಒಬ್ಬ ರಜೆಯ ಮೇಲೆ.

ಲೆಕ್ಕಕ್ಕೆ ನೋಡಿದರೆ ಕೆಲಸಗಾರನಿಗೆ ಲಾಭವೇ. ಏಳಕ್ಕೊಂದು ದಿನದ ಬದಲು ಐದಕ್ಕೊಂದು ದಿನ ರಜೆ ಸಿಕ್ಕಿತು. ಆದರೂ ಜನ ಸಂತೋಷಪಡಲಿಲ್ಲ. ಗಂಡನದು ಹಳದಿ, ಹೆಂಡತಿಯದು ಹಸಿರು, ಮಕ್ಕಳ ಶಾಲೆಯ ರಜೆ ಇನ್ನೊಂದು ಬಣ್ಣ ಎಂದಾದರೆ ಆ ಮನೆಯಲ್ಲಿ ರಜೆ ಐದು ದಿನಕ್ಕೊಮ್ಮೆ ಬಂದರೂ ಬಾರದಂತೆಯೇ. ಖಾಲಿ ಮನೆಯಲ್ಲಿ ಚಹಾ ಕುಡಿಯುವುದಕ್ಕೆ ಯಾರೂ ರಜೆ ಬೇಡುವುದಿಲ್ಲ. 1931ರ ಕೊನೆಯ ಹೊತ್ತಿಗೆ ಸರಕಾರ ಈ ವ್ಯವಸ್ಥೆಯನ್ನು ಬಹುಮಟ್ಟಿಗೆ ಕೈಬಿಟ್ಟು, ಎಲ್ಲರಿಗೂ ಒಂದೇ ದಿನ ರಜೆ ಬರುವಂಥ ಆರು ದಿನದ ವಾರವನ್ನು ತಂದಿತು. 1940ರಲ್ಲಿ ಏಳು ದಿನದ ವಾರ ಮತ್ತೆ ಬಂತು, ಭಾನುವಾರವೂ ಬಂತು.

ಇತ್ತೀಚಿನ ಅಭ್ಯಾಸವೊಂದು ಇದನ್ನೇ ಬೇರೊಂದು ದಿಕ್ಕಿನಿಂದ ತೋರಿಸಿದೆ. ಕ್ರಿಸ್ಟೊಬಲ್ ಯಂಗ್ ಮತ್ತು ಚೆಯೂನ್ ಲಿಮ್ ಎಂಬ ಸಮಾಜಶಾಸ್ತ್ರಜ್ಞರು ಅಮೆರಿಕದ ಐದು ಲಕ್ಷಕ್ಕೂ ಮಿಕ್ಕ ಜನರ ಉತ್ತರಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದರು. ಕೆಲಸಕ್ಕೆ ಹೋಗುವವರು ಶನಿವಾರ ಭಾನುವಾರ ಹೆಚ್ಚು ಗೆಲುವಾಗಿರುತ್ತಾರೆ, ಸೋಮವಾರ ಸಪ್ಪಗಾಗುತ್ತಾರೆ. ಇದು ತಿಳಿದ ವಿಷಯ. ಕುತೂಹಲದ ಸಂಗತಿಯೆಂದರೆ ಕೆಲಸವೇ ಇಲ್ಲದವರೂ ಹೆಚ್ಚುಕಡಿಮೆ ಹಾಗೆಯೇ ಶನಿವಾರ ಗೆಲುವಾಗಿ ಸೋಮವಾರ ಸಪ್ಪಗಾಗುತ್ತಿದ್ದರು. ಅವರಿಗೆ ಸೋಮವಾರವೂ ಬಿಡುವೇ ತಾನೆ? ಬಿಡುವು ಹೌದು, ಜೊತೆಗೆ ಯಾರೂ ಇಲ್ಲ. ಟೆಲಿಫೋನು ಒಬ್ಬನ ಮನೆಯಲ್ಲಿ ಮಾತ್ರ ಇದ್ದರೆ ಅದರಿಂದ ಪ್ರಯೋಜನವಿಲ್ಲ. ಇತರರ ಮನೆಗಳಲ್ಲೂ ಇದ್ದರೆ ಮಾತ್ರ ಅದಕ್ಕೆ ಬೆಲೆ. ಬಿಡುವೂ ಅಂಥದೇ ಒಂದು ವಸ್ತು ಎಂಬುದು ಅವರ ವಾದ.

ಜರ್ಮನಿಯ ಕಾನೂನು ಮಾಡಿದವರಿಗೆ ಇದು ಮೊದಲೇ ತಿಳಿದಿದ್ದಂತಿದೆ. 1919ರ ವೈಮಾರ್ ಸಂವಿಧಾನ ಭಾನುವಾರವನ್ನೂ ಹಬ್ಬದ ರಜೆಗಳನ್ನೂ ಕೆಲಸದ ವಿಶ್ರಾಂತಿಗೂ ಮನಸ್ಸಿನ ಉನ್ನತಿಗೂ ಮೀಸಲಾದ ದಿನಗಳೆಂದು ರಕ್ಷಿಸಿತು. 1949ರ ಮೂಲಭೂತ ಕಾನೂನು ಆ ವಿಧಿಯನ್ನು ಹಾಗೆಯೇ ಉಳಿಸಿಕೊಂಡಿತು. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳಲ್ಲೂ ಅಂಗಡಿ ತೆರೆಯಬಹುದೆಂಬ ಬರ್ಲಿನ್ನಿನ ನಿಯಮವನ್ನು ಸಂವಿಧಾನ ನ್ಯಾಯಾಲಯ 2009ರಲ್ಲಿ ತಳ್ಳಿಹಾಕಿದ್ದೂ ಇದರ ಆಧಾರದ ಮೇಲೆಯೇ. ಭಾನುವಾರ ಹಾಲು ಸಿಗದೆ ಪರದಾಡುವಾಗ ನಾವು ಈ ಕಾನೂನನ್ನು ಶಪಿಸುತ್ತೇವೆ. ಆದರೆ ಎಲ್ಲರಿಗೂ ಒಟ್ಟಿಗೆ ಬಿಡುವಿರಬೇಕೆಂಬ ವಿವೇಕ ಅದರಲ್ಲಿದೆ. ವಿಶ್ರಾಂತಿ ಒಂದು, ಉನ್ನತಿ ಇನ್ನೊಂದು ಎಂದು ಎರಡನ್ನೂ ಬೇರೆಬೇರೆಯಾಗಿ ಹೆಸರಿಸಿದ್ದೂ ಗಮನಿಸತಕ್ಕದ್ದು.

ಎಳ್ಳಮಾವಾಸ್ಯೆಯ ಸೋಮವಾರ

ಈಗ ನಮ್ಮ ಸ್ಥಿತಿಯನ್ನು ನೋಡೋಣ. ದೇಶಕ್ಕೆಲ್ಲ ಸಮಾನವಾದ ಒಂಬತ್ತು ರಜೆಗಳಲ್ಲಿ ಆರು ಕ್ರೈಸ್ತ ಹಬ್ಬಗಳು. ಉಳಿದ ಮೂರು ಹೊಸ ವರ್ಷ, ಮೇ ದಿನ ಮತ್ತು ಅಕ್ಟೋಬರ್ 3ರ ಏಕೀಕರಣದ ದಿನ. ನಮ್ಮ ಹಬ್ಬಗಳು ಇಲ್ಲಿನ ಕ್ಯಾಲೆಂಡರಿನಲ್ಲಿಲ್ಲ. ಇರಬೇಕೆಂದು ಕೇಳುವುದೂ ನ್ಯಾಯವಲ್ಲ. 2024ರ ಯುಗಾದಿ ಏಪ್ರಿಲ್ 9ರ ಮಂಗಳವಾರ ಬಂತು. ಆ ದಿನ ನಾನು ಎಂದಿನಂತೆ ಎಂಟು ಗಂಟೆಗೆ ಪ್ರಯೋಗಾಲಯದಲ್ಲಿದ್ದೆ. ಬೇವು ಬೆಲ್ಲದ ಮಾತು ಸಂಜೆ ಮನೆಗೆ ಬಂದ ಮೇಲೆ ನೆನಪಾಯಿತು. ಹಬ್ಬವಿತ್ತು, ಸೂಟಿ ಇರಲಿಲ್ಲ.

ಅದೇ ವರ್ಷ ಡಿಸೆಂಬರ್ 30ರ ಸೋಮವಾರ ಎಳ್ಳಮಾವಾಸ್ಯೆ. ದಕ್ಷಿಣದ ಓದುಗರಿಗಾಗಿ ಒಂದು ಮಾತು: ನಮ್ಮ ವಿಜಯಪುರ, ಕಲಬುರಗಿ, ಬೀದರಗಳ ಕಡೆ ಇದು ದೊಡ್ಡ ಹಬ್ಬ. ಎರೆಹೊಲದಲ್ಲಿ ಜೋಳ, ಕಡಲೆ, ಕುಸುಬೆ ಬೆಳೆದು ನಿಂತಿರುವ ಕಾಲ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪೂಜೆ ಮಾಡಿ, ಭೂಮಿತಾಯಿಗೆ ಚರಗ ಚೆಲ್ಲಿ, ಅಲ್ಲೇ ಕುಳಿತು ಉಣ್ಣುತ್ತಾರೆ. ಎಳ್ಳು ಹೋಳಿಗೆ, ಸಜ್ಜೆ ರೊಟ್ಟಿ, ಎಣಗಾಯಿ, ಕಡುಬು, ಗುರೆಳ್ಳು ಚಟ್ನಿ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆದುಕೊಂಡು ಹೋಗುತ್ತಾರೆ.

ಪ್ರಯೋಗಾಲಯ ಮುಚ್ಚಿತ್ತಾದ್ದರಿಂದ ಆ ದಿನ ನನಗೆ ಪೂರ್ತಿ ಬಿಡುವು. ಇಲ್ಲಿ ಬೆಳಿಗ್ಗೆ ಎಂಟೂವರೆ, ಅಲ್ಲಿ ಮಧ್ಯಾಹ್ನ ಒಂದು ಗಂಟೆ. ಅವ್ವನಿಗೆ ಫೋನು ಮಾಡಿದೆ. ಗಾಳಿಯ ಸದ್ದು, ಮಂದಿಯ ಗದ್ದಲ, ಹುಡುಗರ ಕೂಗಾಟ. "ಏನೂ ಕೇಳವಲ್ದು ತಮ್ಮಾ, ಎಲ್ಲಾರೂ ಉಣ್ಣಾಕ ಕುಂತಾರ. ಆಮ್ಯಾಲ ಮಾಡು. ನಿಂದು ಊಟ ಆತೇನು?" ಎಂದಳು. ಆತಬೇ ಎಂದು ಇಟ್ಟೆ. ಬೆಂಗಳೂರಿನಲ್ಲಿರುವ ಅಣ್ಣನಿಗೆ ಮಾಡಿದರೆ, "ನಿನಗೇನಪಾ, ಆರಾಮ ಸೂಟಿ! ನಾ ಆಫೀಸಿನ್ಯಾಗ ಅದೀನಿ, ರಾತ್ರಿ ಮಾತಾಡೂಣು" ಎಂದ. ಅವ್ವನಿಗೆ ಹಬ್ಬ, ಅಣ್ಣನಿಗೆ ಕೆಲಸ, ನನಗೆ ಸೂಟಿ. ಒಬ್ಬೊಬ್ಬರದು ಒಂದೊಂದು ಬಣ್ಣ. ಮಾಸ್ಕೋದ ಕೆಲಸಗಾರನ ಕಷ್ಟ ನನಗೆ ಪುಸ್ತಕದಿಂದ ತಿಳಿದದ್ದಕ್ಕಿಂತ ಹೆಚ್ಚಾಗಿ ಆ ಬೆಳಿಗ್ಗೆ ತಿಳಿಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹೊಲಕ್ಕೆ ಹೋದವರು ವಿಶ್ರಾಂತಿ ಪಡೆಯುತ್ತಿರಲಿಲ್ಲ. ನಸುಕಿನಲ್ಲಿ ಎದ್ದು ನೂರಾರು ರೊಟ್ಟಿ ಬಡಿದವರು ಅವರು. ಹಬ್ಬವೆಂದರೆ ನಮ್ಮಲ್ಲಿ ಎಂದೂ ಬಿಡುವಲ್ಲ. ಎಣ್ಣೆ ಕಾಯಿಸುವವರೊಬ್ಬರು, ತೋರಣ ಕಟ್ಟುವವರೊಬ್ಬರು, ನೀರು ಹೊರುವವರೊಬ್ಬರು. ಸಂಜೆಗೆ ಸೊಂಟ ಹಿಡಿದಿರುತ್ತದೆ. ರೈತರು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅಮಾವಾಸ್ಯೆಯಂದು ಬೇಸಾಯ ಹೂಡುವುದಿಲ್ಲ. ಆ ದಿನ ಬಿಡುವು ಎತ್ತಿಗೆ. ಮನುಷ್ಯರು ಸಂತೆಗೆ ಹೋಗುತ್ತಾರೆ, ಗುಡಿಯ ಕಟ್ಟೆಯ ಮೇಲೆ ಕೂಡುತ್ತಾರೆ, ಮುರಿದ ಕುಂಟೆ ಸರಿಮಾಡುತ್ತಾರೆ. ಊರಿಗೆಲ್ಲ ಒಂದೇ ದಿನ.

ಶರಣರು ಕಾಯಕದ ಜೊತೆಗೆ ದಾಸೋಹವನ್ನು ಹೇಳಿದ್ದು ಇದಕ್ಕೇ ಇರಬೇಕು. ಕಾಯಕದ ಮಾತು ನಮಗೆಲ್ಲ ಬಾಯಿಪಾಠ, ಆಫೀಸಿನ ಗೋಡೆಯ ಮೇಲೂ ತೂಗುಹಾಕುತ್ತೇವೆ. ದುಡಿದದ್ದನ್ನು ಹಂಚಿಕೊಂಡು ಉಣ್ಣುವ ಇನ್ನರ್ಧ ಮಾತ್ರ ಸಮುದ್ರ ದಾಟುವಾಗ ಹಿಂದೆ ಉಳಿಯಿತು. ಆದ್ದರಿಂದ ಕಾಯಕ ನಿಂತ ದಿನ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ರಜೆಯಲ್ಲಿ ನಮಗೆ ಸಾಲದೆ ಬರುವುದು ವಿಶ್ರಾಂತಿಯಲ್ಲ. ನಮ್ಮ ಕೈಯ ಕೆಲಸಕ್ಕೆ ಕಾದಿರುವ ಜನ, ಅವರೊಡನೆ ಒಟ್ಟಿಗೆ ಬರುವ ಬಿಡುವು, ಇವೆರಡು. ಪ್ರವಾಸದ ಟಿಕೆಟಿನಿಂದ ಇದು ತುಂಬುವುದಿಲ್ಲ. ಮಯೋರ್ಕಾದ ಮರಳಿನ ಮೇಲೂ ಇದೇ ಬೇಸರವನ್ನು ಅನುಭವಿಸಿ ಬಂದವರು ನಮ್ಮಲ್ಲಿದ್ದಾರೆ.

ಯಾರಿಗೆ ಹೆಚ್ಚು

ನನ್ನಂಥ ಸಂಬಳದಾರನ ಪಾಡು ಹೇಗೋ ನಡೆಯುತ್ತದೆ. ನಮ್ಮ ನಡುವೆ ಇದಕ್ಕಿಂತ ಬಿಗಿಯಾದ ಸ್ಥಿತಿಯಲ್ಲಿರುವವರಿದ್ದಾರೆ. ಹೊಸದಾಗಿ ಬಂದ ವಿದ್ಯಾರ್ಥಿಯ ಭೋಜನಾಲಯ ಆ ವಾರ ಮುಚ್ಚಿರುತ್ತದೆ, ಹಾಸ್ಟೆಲಿನ ಕಾರಿಡಾರು ಖಾಲಿ, ಊರಿಗೆ ಹೋಗಿಬರಲು ಹಣವಿಲ್ಲ. ಗಂಡನ ಹಿಂದೆ ಬಂದು, ಭಾಷೆ ಇನ್ನೂ ಕೈಹತ್ತದೆ, ಓದಿದ ಓದಿಗೆ ತಕ್ಕ ಕೆಲಸ ಸಿಗದೆ ಕಾಯುತ್ತಿರುವ ಹೆಣ್ಣುಮಗಳಿಗೆ ವರ್ಷವೆಲ್ಲ ಇದೇ ವಾರ; ಗಂಡನಿಗೆ ರಜೆ ಬಂದಾಗ ಮಾತ್ರ ಇಬ್ಬರ ಬೇಸರವೂ ಒಂದೇ ಕೋಣೆಗೆ ಬರುತ್ತದೆ. ಮೂರು ತಿಂಗಳ ವೀಸಾದ ಮೇಲೆ ಬಂದ ತಂದೆತಾಯಿಯರು ಕಿಟಕಿಯ ಬಳಿ ಕುಳಿತು, ಇಲ್ಲಿನವರೆಲ್ಲ ಎಲ್ಲಿಗೆ ಹೋದರು ಎಂದು ಕೇಳುತ್ತಾರೆ. ಮಗು ಹುಟ್ಟಿದ ಮೇಲೆ ಉದ್ಯೋಗದಿಂದ ದೀರ್ಘ ರಜೆ ಪಡೆದ ತಾಯಂದಿರು, "ನನ್ನ ಪ್ರಯೋಗ ಬೇರೆಯವರ ಕೈಗೆ ಹೋಯಿತು" ಎಂದು ಮೆಲ್ಲಗೆ ಹೇಳಿದ್ದನ್ನು ಕೇಳಿದ್ದೇನೆ. ಮಗುವಿನ ಮೇಲಿನ ಪ್ರೀತಿಗೂ ಆ ಕೊರಗಿಗೂ ಏನೂ ವಿರೋಧವಿಲ್ಲ.

ಇವರಲ್ಲಿ ಯಾರೂ ತಾವಾಗಿ ಬಂದು "ನನಗೆ ಬೇಸರವಾಗಿದೆ, ಕರೆಯಿರಿ" ಎನ್ನುವುದಿಲ್ಲ. ಕರೆಯುವುದು ಸಂಘದ ಕೆಲಸ. ಜನರ ನಡುವೆ ಇದ್ದಾಗಲೂ ಇಳಿಯದ, ನಿದ್ದೆ ಊಟಗಳನ್ನು ಕೆಡಿಸುವ, ವಾರಗಟ್ಟಲೆ ನಿಲ್ಲುವ ಕತ್ತಲೆ ಬೇರೆ. ಅದಕ್ಕೆ ಹೋಳಿಗೆ ಮದ್ದಲ್ಲ, ವೈದ್ಯರನ್ನು ಕಾಣಬೇಕು. ಅದರಲ್ಲಿ ನಾಚಿಕೆ ಬೇಡ.

ಮಾಡಬಹುದಾದದ್ದು

ಕಾರ್ಯಕಾರಿ ಸಮಿತಿಯ ಮುಂದೆ ಮೂರು ಸಲಹೆಗಳನ್ನಿಡುತ್ತೇನೆ.

ಮೊದಲನೆಯದು: ನಮ್ಮ ಮೂವತ್ತು ದಿನಗಳಲ್ಲಿ ಎರಡನ್ನು ಎಲ್ಲರೂ ಒಂದೇ ದಿನಕ್ಕೆ ಹಾಕೋಣ. ಯುಗಾದಿಗೊಂದು, ಬಲಿಪಾಡ್ಯಮಿಗೊಂದು. ಹಬ್ಬವನ್ನು ಮುಂದಿನ ಶನಿವಾರಕ್ಕೆ ತಳ್ಳುವುದು ಅನುಕೂಲವೇ. ಸಭಾಂಗಣ ಸಿಗುತ್ತದೆ, ದೂರದವರು ಬರುತ್ತಾರೆ. ಅದು ನಡೆಯಲಿ. ಆದರೆ ಹಬ್ಬದ ದಿನವೇ ಹತ್ತಿರ ಹತ್ತಿರದ ನಾಲ್ಕು ಮನೆಗಳಿಗಾದರೂ ಒಟ್ಟಿಗೆ ಬಿಡುವಿರಲಿ. ಕಚೇರಿಗಳಲ್ಲಿ ವರ್ಷದ ರಜೆಯ ಪಟ್ಟಿ ಮೊದಲೇ ತಿರುಗುತ್ತದೆ. ಕೆಲಸಕ್ಕೆ ತೀರ ಅಡ್ಡಿಯಾಗದಿದ್ದರೆ ನೌಕರ ಕೇಳಿದ ದಿನವನ್ನು ಮನ್ನಿಸಬೇಕೆಂದು ಇಲ್ಲಿನ ಕಾನೂನೇ ಹೇಳುತ್ತದೆ. ಬೇಕಾದದ್ದು ಇಷ್ಟೆ: ಈ ಎರಡು ತಾರೀಖುಗಳನ್ನು ಸಮಿತಿಯವರು ಹಿಂದಿನ ನವೆಂಬರಿನ ಸಂಚಿಕೆಯಲ್ಲೇ ಅಚ್ಚು ಹಾಕಬೇಕು.

ಎರಡನೆಯದು: ವರ್ಷಗಳ ನಡುವಣ ವಾರದಲ್ಲಿ ಒಂದು ದಿನ ಎಳ್ಳಮಾವಾಸ್ಯೆಯ ಅಡುಗೆ. ಅಮಾವಾಸ್ಯೆ ಪ್ರತಿ ವರ್ಷ ಅದೇ ವಾರಕ್ಕೆ ಬೀಳುವುದಿಲ್ಲ. ವಾರ ಮೊದಲೋ ಆಮೇಲೋ ಬಂದ ವರ್ಷ ಭೂಮಿತಾಯಿ ಕೋಪಿಸಿಕೊಳ್ಳಲಾರಳು. ಇದಕ್ಕೆ ಸಭಾಂಗಣ ಬೇಡ, ವೇದಿಕೆ ಬೇಡ, ಸ್ವಾಗತ ಭಾಷಣ ಖಂಡಿತ ಬೇಡ. ಯಾರದಾದರೂ ಒಂದು ಮನೆ, ದೊಡ್ಡ ಅಡುಗೆಮನೆ, ಬೆಳಿಗ್ಗೆ ಹತ್ತರಿಂದ ಕತ್ತಲಾಗುವವರೆಗೆ. ಸಜ್ಜೆ ಹಿಟ್ಟು ಭಾರತೀಯರ ಅಂಗಡಿಗಳಲ್ಲಿ ಸಿಗುತ್ತದೆ. ಅಂಗಡಿ ಮುಚ್ಚುವ ಮುಂಚೆ ತಂದಿಟ್ಟುಕೊಂಡರೆ ಸರಿ. ನಮ್ಮ ಸದಸ್ಯರೊಬ್ಬರು ಊರಾಚೆ ಒಂದು ತುಂಡು ತೋಟವನ್ನು ಗುತ್ತಿಗೆ ಹಿಡಿದಿದ್ದಾರೆ. ಚಳಿಗೂ ಜಗ್ಗದೆ ನಿಂತ ಅವರ ಕೋಸಿನ ಮಡಿಗೆ ಚರಗ ಚೆಲ್ಲಬಹುದು. ಅಕ್ಕಪಕ್ಕದ ತೋಟದ ಜರ್ಮನ್ ಅಜ್ಜಂದಿರು ಏನೆಂದು ಕೇಳಿದರೆ ಅವರ ಕೈಗೂ ಒಂದು ಹೋಳಿಗೆ. ನಮ್ಮನ್ನು ಡಿಸೆಂಬರ್ 24ರ ಸಂಜೆಗೆ ಕರೆಯುವ ಸಹೋದ್ಯೋಗಿಗಳೂ ಇದ್ದಾರೆ. ಸಂಕೋಚಪಟ್ಟು ಒಲ್ಲೆನ್ನದೆ ಹೋಗಿಬರೋಣ, ತಿರುಗಿ ಕರೆಯೋಣ. ಆಸ್ಪತ್ರೆಗಳಲ್ಲಿ, ಕಾರ್ಖಾನೆಯ ಪಾಳಿಗಳಲ್ಲಿ ಆ ದಿನ ದುಡಿಯುತ್ತಿರುವ ನಮ್ಮವರಿಗೆ ಬುತ್ತಿ ಮುಟ್ಟಿಸಲು ಇಬ್ಬರು ಮುಂದೆ ಬಂದರೆ ಸಾಕು.

ಮೂರನೆಯದು: ಈ ಪತ್ರಿಕೆಯ ಕೆಲಸ. ಪುಟ ಜೋಡಿಸುವುದು, ಪಿನ್ನು ಹೊಡೆಯುವುದು, ವಿಳಾಸ ಬರೆದು ಲಕೋಟೆ ಅಂಟಿಸುವುದು ಈವರೆಗೆ ಇಬ್ಬರು ಮೂವರ ಹೆಗಲ ಮೇಲೇ ಬಿದ್ದಿದೆ. ವರ್ಷದ ಕೊನೆಯ ಸಂಚಿಕೆಯನ್ನು ಆ ವಾರದಲ್ಲೇ, ಆ ಮನೆಯಲ್ಲೇ, ಊಟದ ಮೇಜಿನ ಸುತ್ತ ಕುಳಿತು ಮುಗಿಸಬಹುದು. ಭಾಷೆ ಬಾರದವರು, ಕೆಲಸ ಸಿಗದವರು, ಊರಿಂದ ಬಂದ ಹಿರಿಯರು, ಅಕ್ಷರ ಕಲಿಯುತ್ತಿರುವ ಮಕ್ಕಳು ಎಲ್ಲರ ಕೈಗೂ ಸಾಕಾಗುವಷ್ಟು ಕೆಲಸ ಅದರಲ್ಲಿದೆ.

ಇದರಲ್ಲ್ಯಾವುದೂ ಊರಿನ ಹೊಲಕ್ಕೆ ಸಮನಾಗಲಾರದು. ಸಮನಾಗಬೇಕೆಂದೂ ಇಲ್ಲ. ಅನುಕೂಲವಿದ್ದವರು ಅಕ್ಟೋಬರ್ ಮುಗಿಯುವುದರೊಳಗೆ ಕಾರ್ಯದರ್ಶಿಗಳಿಗೆ ಒಂದು ಸಾಲು ಬರೆದು ತಿಳಿಸಲಿ. ಎಷ್ಟು ಜನ ಊಟಕ್ಕೆ ಬರುತ್ತೀರಿ ಎಂದು ಮಾತ್ರ ಬರೆದರೆ ಸಾಲದು. ಹೆಸರಿನ ಎದುರಿಗೆ ಯಾವ ಕೆಲಸ ಹಿಡಿಯುತ್ತೀರಿ ಎಂಬುದನ್ನೂ ಬರೆಯಿರಿ. ಎಳ್ಳು ಹುರಿಯುವ ಕೆಲಸಕ್ಕೆ ನನ್ನ ಹೆಸರನ್ನು ಈಗಲೇ ಕೊಟ್ಟಿದ್ದೇನೆ.